ಕಪ್ ಬೇಡ ಎನ್ನುವ ಅಪ್ಪನಿಗೆ ಯಾವ ಗೌರವ?

ಪ್ರಶ್ನೆ: ನನ್ನ ತಂದೆಗೆ ಈಗ 74 ವರ್ಷ. 19ನೇ ವಯಸ್ಸಿಗೆ ವಾಲಿಬಾಲ್ ಆಡಲೆಂದು ಸೇರಿದ ಸಣ್ಣ ಕ್ಲಬ್ಬಿನಲ್ಲಿ ಇವತ್ತಿಗೂ ಇದ್ದಾರೆ. ಆಡಿದ್ದು ಹತ್ತು ವರ್ಷವೂ ಇಲ್ಲ, ಮಂಡಿ ಕೈಕೊಟ್ಟಿತು. ಆಮೇಲೆ ಸ್ಕೋರರ್ ಆದರು, ರೆಫರಿ ಆದರು, ಮಕ್ಕಳಿಗೆ ಕೋಚ್ ಆದರು, ಕಾರ್ಯದರ್ಶಿಯೂ ಆದರು. ನೆಟ್ ಕಟ್ಟುವುದು, ಅಂಕಣಕ್ಕೆ ಗೆರೆ ಹಾಕುವುದು, ಚೆಂಡಿಗೆ ಗಾಳಿ ತುಂಬುವುದು ಕೂಡ ಅವರೇ. ಇದಕ್ಕೆಲ್ಲ ಒಂದು ಕಾಸು ಪಡೆದವರಲ್ಲ. ಅವರ ಹೆಸರಲ್ಲಿ ಕಪ್ ಇಡೋಣ ಎಂದರೆ "ನನ್ನ ಹೆಸರಲ್ಲಿ ಏನೂ ಬೇಡ" ಎಂದುಬಿಡುತ್ತಾರೆ. ಇತ್ತೀಚೆಗೆ ಹೆಸರುಗಳು ಮರೆಯತೊಡಗಿವೆ. ಇನ್ನೊಂದು ಮಾತನ್ನೂ ಹೇಳಲೇಬೇಕು: ನನ್ನ ಬಾಲ್ಯದ ಭಾನುವಾರಗಳಲ್ಲಿ ಅಪ್ಪ ಮನೆಯಲ್ಲಿದ್ದ ನೆನಪೇ ಇಲ್ಲ. ಈ ವಿಷಯ ಬಂದಾಗ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ಆದರೂ ಅಪ್ಪ ಇರುವಾಗಲೇ ಅವರನ್ನು ಸರಿಯಾಗಿ ಗೌರವಿಸಬೇಕೆಂದು ನನಗೂ ತಮ್ಮನಿಗೂ ಆಸೆ. ಹೇಗೆ?

ಉತ್ತರ: "ಅಪ್ಪ ಇರುವಾಗಲೇ" ಎಂದು ಬರೆದಿದ್ದೀರಲ್ಲ, ಆ ಎರಡು ಪದ ಓದಿ ನನಗೆ ಸಮಾಧಾನವಾಯಿತು. ಕ್ರೀಡಾ ಸಂಘಗಳ ಹಳೆಯ ಕಾಗದಪತ್ರ, ಫೋಟೋ, ನೆನಪುಗಳನ್ನು ಕೂಡಿಡುವ ಕೆಲಸ ನನ್ನದು. ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವರು ತಂದೆ ತೀರಿಕೊಂಡ ಮೇಲೆ ಬರುತ್ತಾರೆ. ಕೈಯಲ್ಲೊಂದು ಪೆಟ್ಟಿಗೆ, ಅದರ ತುಂಬ ತಂಡಗಳ ಫೋಟೋ. ಸಾಲಾಗಿ ನಿಂತ ಹನ್ನೆರಡು ಹುಡುಗರಲ್ಲಿ ಯಾರು ಯಾರೆಂದು ಗೊತ್ತಿರುವುದಿಲ್ಲ. ಗೊತ್ತಿದ್ದವರು ಒಬ್ಬರೇ, ಅವರು ಈಗಿಲ್ಲ. ನಿಮಗೆ ಇನ್ನೂ ಕೇಳುವ ಅವಕಾಶವಿದೆ. ಅದಕ್ಕೇ ಕಪ್ಪು, ಸಮಾರಂಭ, ಭಾಷಣ ಎಲ್ಲವನ್ನೂ ಸದ್ಯಕ್ಕೆ ಬದಿಗಿಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಅವರು ತುಂಬಿದ ಒಂದು ಹಳೆಯ ಸ್ಕೋರ್‌ಶೀಟನ್ನು ಕೈಗೆತ್ತಿಕೊಂಡು ನೋಡಿ. ಎರಡೂ ತಂಡದವರ ಹೆಸರು, ಬೆನ್ನ ಮೇಲಿನ ನಂಬರು, ಸರ್ವೀಸಿನ ಸರದಿ, ಯಾವ ಹೊತ್ತಿಗೆ ಯಾರು ಟೈಮ್‌ಔಟ್ ಕೇಳಿದರು, ಯಾರ ಬದಲಿಗೆ ಯಾರು ಇಳಿದರು, ಎಲ್ಲವೂ ಅದರಲ್ಲಿರುತ್ತದೆ. ಅಷ್ಟನ್ನೂ ಬರೆದವರ ಗುರುತು ಎಲ್ಲಿದೆ? ಕೆಳಗಡೆ ಒಂದು ಸಹಿ, ಅಷ್ಟೆ. ಐವತ್ತು ವರ್ಷ ಬೇರೆಯವರ ಆಟಕ್ಕೆ ಲೆಕ್ಕ ಇಟ್ಟವರಿಗೆ ತಮ್ಮ ಕೆಲಸದ ಲೆಕ್ಕ ಇಟ್ಟು ಗೊತ್ತಿಲ್ಲ. ಗೆದ್ದ ತಂಡದ ಹೆಸರು ಪತ್ರಿಕೆಯಲ್ಲಿ ಬಂದಿರುತ್ತದೆ. ಬೆಳಗಿನ ಜಾವ ಹೋಗಿ ಅಂಕಣದ ನೀರು ಹೊರಚೆಲ್ಲಿದವರ ಹೆಸರು ಎಲ್ಲಿಯೂ ಬಂದಿರುವುದಿಲ್ಲ. ನೀವು ಮತ್ತು ನಿಮ್ಮ ತಮ್ಮ ಮಾಡಬೇಕಾದ ಮೊದಲ ಕೆಲಸ ಇದೇ: ಅವರ ಪಾಲಿನ ಸ್ಕೋರ್‌ಶೀಟ್ ತುಂಬುವುದು.

ಅದಕ್ಕೆ ದಾರಿ, ಅವರನ್ನು ಕೂರಿಸಿಕೊಂಡು ಮಾತನಾಡಿಸಿ ಧ್ವನಿ ಮುದ್ರಿಸಿಕೊಳ್ಳುವುದು. ಕೇಳುವ ರೀತಿ ತಪ್ಪಿದರೆ ಏನೂ ಸಿಗುವುದಿಲ್ಲ. ಈ ಕೆಲಸ ಶುರುಮಾಡಿದ ಹೊಸದರಲ್ಲಿ ನಾನು ಹಿರಿಯ ಕೋಚ್ ಒಬ್ಬರ ಮುಂದೆ ಕೂತು "ನಿಮ್ಮ ಕ್ರೀಡಾ ಜೀವನದ ಬಗ್ಗೆ ಹೇಳಿ" ಎಂದೆ. "ಏನಿದೆ ಹೇಳೋದಕ್ಕೆ, ಮಕ್ಕಳು ಆಡಿದರು, ನಾವು ನೋಡಿಕೊಂಡೆವು" ಎಂದು ಅವರು ಎರಡು ನಿಮಿಷದಲ್ಲಿ ಮುಗಿಸಿದರು. ಮೂಲೆಯಲ್ಲಿ ಹಳೆಯ ಚರ್ಮದ ಚೆಂಡೊಂದಿತ್ತು. ಅದನ್ನು ಅವರ ಕೈಗೆ ಕೊಟ್ಟು "ಇದಕ್ಕೆ ಲೇಸು ಹಾಕುವುದು ಹೇಗೆ?" ಎಂದು ಕೇಳಿದೆ. ಅಲ್ಲಿಂದ ಒಂದೂವರೆ ಗಂಟೆ ನಿಲ್ಲಿಸದೆ ಮಾತನಾಡಿದರು. ಒಳಗಿನ ಬ್ಲಾಡರ್ ತೂತಾದರೆ ತೇಪೆ ಹಾಕುತ್ತಿದ್ದ ಬಗೆ, ಲೇಸಿನ ಗಂಟು ಕೈಗೆ ತಾಗಿ ಹುಡುಗರ ಮುಂಗೈ ಕೆಂಪಾಗುತ್ತಿದ್ದದ್ದು, ಮಳೆಯಲ್ಲಿ ನೆನೆದ ಚೆಂಡು ಕಲ್ಲಿನಂತೆ ಭಾರವಾಗುತ್ತಿದ್ದದ್ದು, ಒಂದೇ ಚೆಂಡಿನಲ್ಲಿ ಇಡೀ ವರ್ಷ ಕಳೆದದ್ದು. ಜೀವನದ ಬಗ್ಗೆ ಕೇಳಿದರೆ ಬಾಯಿ ಕಟ್ಟಿಕೊಳ್ಳುವ ಮನುಷ್ಯ ವಸ್ತುವಿನ ಬಗ್ಗೆ ಕೇಳಿದರೆ ತೆರೆದುಕೊಳ್ಳುತ್ತಾನೆ ಎಂಬುದನ್ನು ಅಂದಿನಿಂದ ನಾನು ಮರೆತಿಲ್ಲ.

ಆದ್ದರಿಂದ ನಿಮ್ಮ ತಂದೆಯ ಕೈಗೆ ಸೀಟಿ ಕೊಡಿ, ನೆಟ್ಟಿನ ಹಗ್ಗ ಕೊಡಿ, ಹಳೆಯ ರಿಜಿಸ್ಟರ್ ಕೊಡಿ. ಪಂದ್ಯದ ದಿನ ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಚೀಲದಲ್ಲಿ ಏನೇನು ಇಟ್ಟುಕೊಳ್ಳುತ್ತಿದ್ದಿರಿ ಎಂದು ಕೇಳಿ. 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣವನ್ನು ಅಳತೆಪಟ್ಟಿ ಇಲ್ಲದಾಗ ಹೇಗೆ ಗುರುತು ಮಾಡುತ್ತಿದ್ದರು, ಮೂಲೆಗಳು ಸೊಟ್ಟಗಾಗದಂತೆ ಹೇಗೆ ನೋಡಿಕೊಳ್ಳುತ್ತಿದ್ದರು? ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್ ಎಂಬ ನೆಟ್ಟಿನ ಎತ್ತರವನ್ನು ಯಾವ ಕೋಲಿನಿಂದ ಅಳೆಯುತ್ತಿದ್ದರು? ಆ ಕೋಲು ಈಗ ಎಲ್ಲಿದೆ? ಇಂಥ ಪ್ರಶ್ನೆಗೆ ಉತ್ತರ ಕೊಡುವಾಗ ಯಾರೂ ಸಂಕೋಚಪಡುವುದಿಲ್ಲ, ಏಕೆಂದರೆ ಅಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವ ಪ್ರಮೇಯವೇ ಇಲ್ಲ.

ಸ್ಕೋರರನ್ನು ಕೇಳಲೇಬೇಕಾದ ಇನ್ನೊಂದು ಕಾಲಘಟ್ಟವಿದೆ. ಹಿಂದೆ ವಾಲಿಬಾಲಿನಲ್ಲಿ ಸರ್ವೀಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಸೆಟ್ಟು 15ಕ್ಕೆ ಮುಗಿಯುತ್ತಿತ್ತು. ಎದುರಾಳಿ ತಂಡ ಚೆಂಡನ್ನು ಗೆದ್ದರೆ ಅದಕ್ಕೆ ಬರುತ್ತಿದ್ದದ್ದು ಸರ್ವೀಸ್ ಮಾತ್ರ, ಅಂಕ ಇಲ್ಲ. ಸಮಬಲದ ಎರಡು ತಂಡ ಎದುರಾದರೆ ಸರ್ವೀಸ್ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಿತ್ತು, ಅಂಕದ ಹಲಗೆ ಕದಲುತ್ತಿರಲಿಲ್ಲ. 1998ರಲ್ಲಿ ಲಿಬೆರೋ ಎಂಬ, ರಕ್ಷಣೆಗೆಂದೇ ಇರುವ, ಬೇರೆ ಬಣ್ಣದ ಅಂಗಿಯ ಆಟಗಾರ ಬಂದ, ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬಿಳಿ ಚೆಂಡು ಹೋಗಿ ಬಣ್ಣದ ಚೆಂಡು ಬಂತು. 2000ದ ಹೊತ್ತಿಗೆ ಯಾರು ಸರ್ವೀಸ್ ಮಾಡಿದರೂ ಪ್ರತಿ ಚೆಂಡಿಗೂ ಒಂದು ಅಂಕ, ಸೆಟ್ಟು 25ಕ್ಕೆ, ಐದನೇ ಸೆಟ್ಟು 15ಕ್ಕೆ ಎಂಬ ನಿಯಮ ನೆಲೆಯಾಯಿತು. ಟಿ.ವಿ.ಯಲ್ಲಿ ಆಟ ನೋಡುವವರಿಗೆ ಇದು ಸಣ್ಣ ಬದಲಾವಣೆ. ಇಪ್ಪತ್ತೈದು ವರ್ಷ ಹಳೆಯ ಲೆಕ್ಕ ಬರೆದು ಕೈ ಪಳಗಿದವರಿಗೆ ಅದು ಅಕ್ಷರಾಭ್ಯಾಸವನ್ನೇ ಮತ್ತೆ ಮಾಡಿದ ಹಾಗೆ. ತಾವು ಕಲಿಯಬೇಕು, ಹುಡುಗರಿಗೆ ಕಲಿಸಬೇಕು, ಹಳೆಯ ಆಟಗಾರರ ಗೊಣಗಾಟವನ್ನೂ ಕೇಳಬೇಕು. ಆ ದಿನಗಳ ಬಗ್ಗೆ ಕೇಳಿ. ನಿಮ್ಮ ತಂದೆಗೆ ಹೇಳಲು ಬಹಳ ಇರುತ್ತದೆ ಎಂಬ ನಂಬಿಕೆ ನನಗಿದೆ.

ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಅವರ ಮೈಮನಸ್ಸು ಹಗುರವಾಗಿರುವ ಹೊತ್ತು ನೋಡಿಕೊಳ್ಳಿ, ಹೆಚ್ಚಿನವರಿಗೆ ಅದು ಬೆಳಗಿನ ಹೊತ್ತು. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮಡಿಸಿದ ಬಟ್ಟೆಯ ಮೇಲಿಡಿ. ಬರೀ ಮೇಜಿನ ಮೇಲಿಟ್ಟರೆ ಕೈ ತಗುಲಿದ ಸದ್ದೆಲ್ಲ ಸೇರಿಕೊಳ್ಳುತ್ತದೆ. ಶುರುವಿನಲ್ಲೇ ದಿನಾಂಕ, ಯಾರು ಯಾರು ಕೂತಿದ್ದೀರಿ ಎಂಬುದನ್ನು ಬಾಯಲ್ಲಿ ಹೇಳಿ. ಮುದ್ರಿಸಿಕೊಳ್ಳುತ್ತಿರುವುದು ಅವರಿಗೆ ಗೊತ್ತಿರಲಿ, ಕದ್ದು ಮಾಡಬೇಡಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಒಳ್ಳೆಯ ಮಾತು ಹೆಚ್ಚಾಗಿ ಆ ಮೌನದ ಆಚೆಗೆ ಇರುತ್ತದೆ. ಸೋತ ಪಂದ್ಯದ ಬಗ್ಗೆ ಕೇಳಿ, ತಾವು ರೆಫರಿಯಾಗಿ ಕೊಟ್ಟ ತಪ್ಪು ತೀರ್ಪಿನ ಬಗ್ಗೆ ಕೇಳಿ, ಆಡಲು ಆಸೆಯಿದ್ದೂ ತಂಡಕ್ಕೆ ಆಯ್ಕೆಯಾಗದ ಹುಡುಗರಿಗೆ ಏನು ಹೇಳಿ ಕಳಿಸುತ್ತಿದ್ದರು ಎಂದು ಕೇಳಿ. ಒಬ್ಬ ಕೋಚ್ ಎಂಥವನು ಎಂಬುದು ನನಗೆ ಗೊತ್ತಾಗುವುದು ಈ ಕೊನೆಯ ಪ್ರಶ್ನೆಯ ಉತ್ತರದಿಂದಲೇ.

ಮರೆವಿನ ವಿಷಯಕ್ಕೆ ಬರುತ್ತೇನೆ. ನಾನು ವೈದ್ಯನಲ್ಲ. ಹೆಸರು ಮರೆಯುವುದು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಿ, ಅದನ್ನು ಮುಂದೂಡಬೇಡಿ. ನನ್ನ ಕೆಲಸದ ಕಡೆಯಿಂದ ಹೇಳಬಹುದಾದದ್ದು ಇಷ್ಟು: ಮನುಷ್ಯರ ನೆನಪಿನಲ್ಲಿ ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳು ಉಳಿದವಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನಿಮ್ಮ ತಂದೆ ಅಂಕಣದಲ್ಲಿ ಆಡಿದ ಕಾಲ ಪೂರ್ತಿ ಆ ವಯಸ್ಸಿನೊಳಗೇ ಬರುತ್ತದೆ. ಮೊನ್ನೆ ಬಂದ ಅತಿಥಿಯ ಹೆಸರು ಮರೆತರೂ ಸ್ಮ್ಯಾಷ್ ಹೊಡೆಯುವವನಿಗೆ ಅಂದಿನ ಲಿಫ್ಟರ್ ಹೇಗೆ ಚೆಂಡು ಎತ್ತಿಕೊಡುತ್ತಿದ್ದ ಎಂಬುದು ಅವರಿಗೆ ನೆನಪಿರಬಹುದು. ಸ್ಕಾಟ್ಲೆಂಡಿನಲ್ಲಿ ಅಲ್‌ಜೈಮರ್ ರೋಗಿಗಳ ಸಂಸ್ಥೆಯೂ ಅಲ್ಲಿನ ಫುಟ್‌ಬಾಲ್ ವಸ್ತುಸಂಗ್ರಹಾಲಯವೂ ಸೇರಿ, ಮರೆವಿನ ಕಾಯಿಲೆ ಇರುವವರನ್ನು ಹಳೆಯ ಫುಟ್‌ಬಾಲ್ ಫೋಟೋಗಳ ಸುತ್ತ ಕೂರಿಸಿ ಮಾತನಾಡಿಸುವ ಕೆಲಸವನ್ನೇ ಮಾಡುತ್ತ ಬಂದಿವೆ. ಹಿಂದಿನದನ್ನೇ ಮಾತನಾಡುತ್ತಾರೆ ಎಂದು ಮುದುಕರನ್ನು ಹೀಗಳೆಯುವುದು ಸರಿಯಲ್ಲ, ಬಾಳನ್ನು ತಿರುಗಿ ನೋಡಿ ಒಪ್ಪ ಮಾಡಿಕೊಳ್ಳುವುದು ಆ ವಯಸ್ಸಿನ ಸಹಜ ಕೆಲಸ ಎಂದು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ವಾದಿಸಿದ್ದರು. ಹಾಗಾಗಿ ಸ್ಕೋರು ತಪ್ಪಾಗಿ ಹೇಳಿದರೆ ತಿದ್ದಲು ಹೋಗಬೇಡಿ. ಸರಿಯಾದ ಸ್ಕೋರು ಕಾಗದದಲ್ಲಿ ಸಿಗುತ್ತದೆ. ಅವರ ಬಾಯಿಂದ ನಿಮಗೆ ಬೇಕಾಗಿರುವುದು ಬೇರೆ. ಫೋಟೋದಲ್ಲಿರುವ ಹೆಸರುಗಳನ್ನು ಮಾತ್ರ ಈ ತಿಂಗಳೇ ಕೇಳಿಟ್ಟುಕೊಳ್ಳಿ. ಮೊದಲು ಜಾರುವುದು ಹೆಸರುಗಳೇ.

ಫೋಟೋ, ಕಾಗದಗಳ ವಿಷಯದಲ್ಲಿ ಮನೆಯವರು ಪ್ರೀತಿಯಿಂದಲೇ ಹಾನಿ ಮಾಡುವುದನ್ನು ಬಹಳ ನೋಡಿದ್ದೇನೆ. ಫೋಟೋದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ. ಒತ್ತಿದ ಗುರುತು ಮುಂದೆ ಮೂಡುತ್ತದೆ, ಶಾಯಿ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಹಿಂಬದಿ ನುಣುಪಾಗಿದ್ದು ಪೆನ್ಸಿಲ್ ಹತ್ತದಿದ್ದರೆ ಬೇರೆ ಕಾಗದದಲ್ಲಿ ಬರೆದು ಜೊತೆಗಿಡಿ. ಪತ್ರಿಕೆಯ ಕತ್ತರಿಕೆಗಳಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪಂತೂ ಬೇಡವೇ ಬೇಡ. ಪತ್ರಿಕೆಯ ಕಾಗದದಲ್ಲಿ ಮರದಿಂದ ಬಂದ ಲಿಗ್ನಿನ್ ಎಂಬ ಪದಾರ್ಥ ಇರುವುದರಿಂದ ಬೆಳಕು ಗಾಳಿ ಸೋಕಿದಂತೆ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಅದನ್ನು ತಡೆಯುವುದಕ್ಕಿಂತ ಈಗಲೇ ಸ್ಕ್ಯಾನ್ ಮಾಡಿಕೊಳ್ಳುವುದು ಜಾಣತನ. ಅಂಟು ಹಾಳೆಯ ಆಲ್ಬಮ್ಮುಗಳಿಂದ ಫೋಟೋಗಳನ್ನು ಬಿಡಿಸಲು ಆಗುವುದಾದರೆ ಬಿಡಿಸಿ, ಜೋರು ಮಾಡಿ ಹರಿಯಬೇಡಿ, ಬಾರದಿದ್ದರೆ ಹಾಗೇ ಸ್ಕ್ಯಾನ್ ಮಾಡಿ. ಸಣ್ಣ ಫೋಟೋಗಳನ್ನು 600 ಡಿ.ಪಿ.ಐ.ಯಲ್ಲಿ (ಇದು ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸ್ಕ್ಯಾನ್ ಮಾಡಿದರೆ ಹಿಂದಿನ ಸಾಲಿನ ಮುಖವೂ ಗುರುತು ಸಿಗುತ್ತದೆ. ಗುಂಡುಪಿನ್ನು, ರಬ್ಬರ್ ಬ್ಯಾಂಡು ತೆಗೆದುಬಿಡಿ. ಪಂದ್ಯದ ವಿ.ಎಚ್.ಎಸ್. ಕ್ಯಾಸೆಟ್ ಇದ್ದರೆ ಅದಕ್ಕೆ ಮೊದಲ ಆದ್ಯತೆ, ಆ ಟೇಪು ಇಟ್ಟಲ್ಲೇ ಕೆಡುತ್ತಿರುತ್ತದೆ. ಎಲ್ಲದಕ್ಕೂ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ತಮ್ಮ ಇದ್ದಾರಲ್ಲ, ಒಂದು ಪ್ರತಿ ಅವರ ಮನೆಯಲ್ಲಿರಲಿ.

ಇನ್ನು ಕಪ್ಪಿನ ಮಾತು. "ನನ್ನ ಹೆಸರಲ್ಲಿ ಏನೂ ಬೇಡ" ಎಂಬುದನ್ನು ವಿನಯ ಎಂದು ತಿಳಿದು, ಒತ್ತಾಯ ಮಾಡಿದರೆ ಒಪ್ಪುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ನಾನು ಹಾಗೆ ಓದುವುದಿಲ್ಲ. ಆ ಮಾತಿನ ಹಿಂದೆ ಒಂದು ನಂಬಿಕೆ ಇದೆ ಎಂದು ನನಗೆ ಕಾಣುತ್ತದೆ. ಹವ್ಯಾಸಿ ಎಂಬುದಕ್ಕೆ ನಾವು ಬಳಸುವ 'ಅಮೆಚೂರ್' ಪದದ ಬೇರು ಲ್ಯಾಟಿನ್ನಿನ 'ಪ್ರೀತಿಸು' ಎಂಬ ಧಾತು. ಆಟದ ಚರಿತ್ರೆಯಲ್ಲಿ ಆ ಪದ ಯಾವಾಗಲೂ ಪ್ರೀತಿಯ ಪರವಾಗಿ ನಿಂತಿಲ್ಲ ಎಂಬುದು ಬೇಸರದ ಸಂಗತಿ. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯ ನಿಯಮದಲ್ಲಿ ಮೈಮುರಿದು ಕೂಲಿ ಕೆಲಸ ಮಾಡಿದವನು ಹವ್ಯಾಸಿಯೇ ಅಲ್ಲ ಎಂದಿತ್ತು. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿ ಅಲ್ಲಿ ಸ್ಪರ್ಧಿಸಲು ಹೊರಟಾಗ ಅವರ ಕ್ಲಬ್ಬಿನ ಮೇಲಿದ್ದ ನಿಷೇಧದ ಜೊತೆಗೆ ಅವರು ಇಟ್ಟಿಗೆ ಕಟ್ಟುವ ಗಾರೆಯವರಾಗಿ ದುಡಿದಿದ್ದೂ ಅಡ್ಡ ಬಂತು. ಪ್ರವೇಶ ಸಿಗಲಿಲ್ಲ. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಕೆಲ್ಲಿ ಚಿನ್ನ ಗೆದ್ದರು. 1947ರಲ್ಲಿ ಅವರ ಮಗ, ಅದೇ ಹೆಸರಿನ ಜಾನ್ ಕೆಲ್ಲಿ, ತಂದೆಗೆ ಬಾಗಿಲು ಮುಚ್ಚಿದ್ದ ಅದೇ ಹೆನ್ಲಿಯಲ್ಲಿ ಅದೇ ಸ್ಪರ್ಧೆಯನ್ನು ಗೆದ್ದ. ತಂದೆಗೆ ಮಕ್ಕಳು ಕೊಟ್ಟ ಗೌರವಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಗೆಲುವು. ಮಗ ತಂದೆಯ ಹೆಸರು ಕೆತ್ತಿಸಲಿಲ್ಲ, ತಂದೆಗೆ ಮಾಡಲು ಬಿಡದಿದ್ದನ್ನು ಮಾಡಿ ಬಂದ.

ನಿಮ್ಮ ತಂದೆ ಯಾರಿಗೂ ಬಾಗಿಲು ಮುಚ್ಚದ ಬಗೆಯ ಹವ್ಯಾಸಿ ಎಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅಂಥವರು ತಮ್ಮ ಹೆಸರಿಗಿಂತ ಕ್ಲಬ್ಬಿನ ಹೆಸರು ಮೇಲಿರಲಿ ಎನ್ನುತ್ತಾರೆ. ಆದ್ದರಿಂದ "ನಿಮ್ಮ ಹೆಸರಲ್ಲಿ ಏನು ಇಡೋಣ?" ಎಂಬ ಪ್ರಶ್ನೆ ಬಿಟ್ಟು "ಅಪ್ಪಾ, ಇಷ್ಟು ವರ್ಷದಲ್ಲಿ ಮಾಡಬೇಕೆಂದು ಆಗದೇ ಉಳಿದದ್ದು ಏನು?" ಎಂದು ಕೇಳಿ ನೋಡಿ. ಮಳೆ ಬಂದರೆ ಅಂಕಣದಲ್ಲಿ ನೀರು ನಿಲ್ಲುವುದು, ತುಕ್ಕು ಹಿಡಿದ ಕಂಬ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಜಾಗವಿಲ್ಲದಿರುವುದು, ಸಂಜೆ ಬೆಳಕಿಲ್ಲದಿರುವುದು, ಇಂಥ ಉತ್ತರಗಳನ್ನೇ ನಾನು ಸಾಮಾನ್ಯವಾಗಿ ಕೇಳಿರುವುದು. ಅದನ್ನು ಮಾಡಿಸಿಕೊಡಿ. ಹೆಸರು ಹಾಕದಿದ್ದರೂ ನಡೆಯುತ್ತದೆ.

ಕಪ್ಪೇ ಬೇಕೆಂದು ಕ್ಲಬ್ಬಿನವರು ಪಟ್ಟು ಹಿಡಿದರೆ ಎರಡು ಮಾತು. ಕಪ್ಪು ಅನ್ನುವುದು ನಾವು ತಿಳಿದಷ್ಟು ಗಟ್ಟಿ ವಸ್ತುವಲ್ಲ. ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಟೂರ್ನಿ ಎಫ್.ಎ. ಕಪ್ಪಿನ ಮೊದಲ ಟ್ರೋಫಿ 1895ರಲ್ಲಿ ಬರ್ಮಿಂಗ್‌ಹ್ಯಾಮಿನ ಅಂಗಡಿಯೊಂದರಿಂದ ಕಳುವಾಗಿ ಮತ್ತೆ ಸಿಗಲಿಲ್ಲ. ಫುಟ್‌ಬಾಲ್ ವಿಶ್ವಕಪ್ಪಿನ ಜೂಲ್ ರಿಮೆ ಟ್ರೋಫಿ 1966ರಲ್ಲಿ ಒಮ್ಮೆ ಕಳುವಾಗಿ ಸಿಕ್ಕಿತು, 1983ರಲ್ಲಿ ರಿಯೋದಲ್ಲಿ ಇನ್ನೊಮ್ಮೆ ಕಳುವಾಗಿ ಹೋಗಿಯೇ ಹೋಯಿತು. ಎಫ್.ಎ. ಕಪ್ ಇವತ್ತಿಗೂ ಉಳಿದಿರುವುದು, ಮಹಾಯುದ್ಧಗಳ ವರ್ಷಗಳನ್ನು ಬಿಟ್ಟರೆ, ಟೂರ್ನಿ ನಡೆಯುತ್ತಲೇ ಬಂದಿರುವುದರಿಂದ. ಬ್ಯಾಡ್ಮಿಂಟನ್ನಿನ ಥಾಮಸ್ ಕಪ್ಪಿನದೂ ಇದೇ ಕತೆ. ಆಟಗಾರರೂ ಸಂಘಟಕರೂ ಆಗಿದ್ದ ಜಾರ್ಜ್ ಥಾಮಸ್ ಅದನ್ನು ಕೊಡಮಾಡಿದ್ದು 1939ರಲ್ಲಿ, ಯುದ್ಧ ಬಂದದ್ದರಿಂದ ಮೊದಲ ಟೂರ್ನಿ ನಡೆದದ್ದು 1948-49ರಲ್ಲಿ. ಆಮೇಲೆ ಆಟ ಮುಂದುವರಿದುಕೊಂಡು ಬಂದದ್ದಕ್ಕೇ ಆ ಹೆಸರು ಇವತ್ತಿಗೂ ಎಲ್ಲರ ಬಾಯಲ್ಲಿದೆ. ನಿಮ್ಮ ಟೂರ್ನಿಯನ್ನು ಪ್ರತಿ ವರ್ಷ ನಡೆಸುವವರು ಯಾರು, ಹಣ ಎಲ್ಲಿಂದ ಬರುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ. ವರ್ಷ ವರ್ಷ ಚಂದಾ ಎತ್ತಿ ನಡೆಸುವ ಸ್ಮರಣಾರ್ಥ ಪಂದ್ಯಗಳು ಮೂರನೆಯ ನಾಲ್ಕನೆಯ ವರ್ಷಕ್ಕೆ ನಿಂತುಹೋದದ್ದನ್ನು ನಾನು ಕಂಡಿದ್ದೇನೆ. ನಿಂತ ಮೇಲೆ ಆ ಹೆಸರಿಗೆ ಆಗುವ ಅಗೌರವ, ಶುರುಮಾಡದೇ ಇದ್ದಿದ್ದರೆ ಆಗುತ್ತಿರಲಿಲ್ಲ. ಮೂಲಧನ ಮುಟ್ಟದೆ ಬಡ್ಡಿಯಲ್ಲಷ್ಟೇ ನಡೆಯುವ ಸಣ್ಣ ದತ್ತಿನಿಧಿ ಇದಕ್ಕಿಂತ ಎಷ್ಟೋ ಮೇಲು.

ಎರಡನೆಯ ಮಾತು ನನಗೆ ಹೆಚ್ಚು ಮುಖ್ಯ. ಅತ್ಯುತ್ತಮ ಸ್ಮ್ಯಾಷರ್‌ಗೆ ಬಹುಮಾನ ಕೊಡುವವರು ಎಲ್ಲ ಕಡೆಯೂ ಇದ್ದಾರೆ. ವರ್ಷವಿಡೀ ಪಂದ್ಯಗಳಿಗೆ ಲೆಕ್ಕ ಬರೆದ ಸ್ಕೋರರಿಗೆ, ಬೈಗುಳ ಕೇಳಿಯೂ ಸೀಟಿ ಹಿಡಿದು ನಿಂತ ರೆಫರಿಗೆ, ನೆಟ್ ಕಟ್ಟಿದ ಹುಡುಗನಿಗೆ ಯಾರು ಕೊಡುತ್ತಾರೆ? ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ, ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕನ ಕೈಯಲ್ಲಿ. ಕೆಲಸ ಮುಗಿಸಿ ಬರುವ ಮಧ್ಯವಯಸ್ಸಿನವರು ಮೈಗೆ ಪೆಟ್ಟು ಮಾಡಿಕೊಳ್ಳದೆ ಆಡಲಿ ಎಂದು ಅವರು ಇದನ್ನು ಕಟ್ಟಿದರು. ಆ ಊರಿನಲ್ಲಿರುವ, ಆಟದ ಸಾಧಕರನ್ನು ಗೌರವಿಸುವ ವಾಲಿಬಾಲ್ ಹಾಲ್ ಆಫ್ ಫೇಮ್ ಆಟಗಾರರ ಜೊತೆಗೆ ಕೋಚುಗಳನ್ನೂ ತೀರ್ಪುಗಾರರನ್ನೂ ಸಂಘಟಕರನ್ನೂ ಸೇರಿಸಿಕೊಳ್ಳುತ್ತದೆ. ನಿಮ್ಮ ಕ್ಲಬ್ಬಿನಲ್ಲಿ ಹಾಗೆ ದುಡಿಯುವ ಒಬ್ಬರಿಗೆ ಪ್ರತಿ ವರ್ಷ ಒಂದು ಗೌರವ ಇಡಿ. ಇದಕ್ಕೆ ತಂದೆಯ ಹೆಸರು ಇಡಲು ಅವರು ಒಪ್ಪಿದರೂ ಒಪ್ಪಬಹುದು. ಅದು ಅವರನ್ನು ಹೊಗಳುವ ಕಪ್ಪಾಗದೆ, ಅವರ ಜಾಗಕ್ಕೆ ಬರುವವರನ್ನು ಹುಡುಕುವ ಕೆಲಸವಾಗುತ್ತದೆ.

ಇದರ ಜೊತೆಗೇ ಇನ್ನೊಂದು ಮಾಡಿ. ಅವರು ವರ್ಷದ ಯಾವ ತಿಂಗಳಲ್ಲಿ ಏನು ಮಾಡುತ್ತಾರೆ ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆಸಿ. ಬೀಗದ ಕೈ ಯಾರ ಬಳಿ, ಮೈದಾನದ ಅನುಮತಿಗೆ ಯಾರನ್ನು ಯಾವಾಗ ಕಾಣಬೇಕು, ಯಾವ ರೆಫರಿಗೆ ಎಷ್ಟು ದಿನ ಮೊದಲು ಹೇಳಬೇಕು, ಯಾವ ಹುಡುಗನ ಮನೆಯಲ್ಲಿ ಕಷ್ಟವಿದೆ ಎಂದು ಶೂ ಕೊಡಿಸುವಾಗ ಗುಟ್ಟಾಗಿ ನೋಡಿಕೊಳ್ಳಬೇಕು. ಇಂಥ ಮನುಷ್ಯ ಒಂದು ತಿಂಗಳು ಹಾಸಿಗೆ ಹಿಡಿದರೆ ಇಡೀ ಕ್ಲಬ್ಬು ಕುಂಟುತ್ತದೆ, ಆಗಲೇ ಅವರು ಎಷ್ಟು ಕೆಲಸ ಮಾಡುತ್ತಿದ್ದರು ಎಂದು ಎಲ್ಲರಿಗೂ ಗೊತ್ತಾಗುವುದು. ಅಲ್ಲಿಯವರೆಗೆ ಕಾಯಬಾರದು. ಆ ಪುಸ್ತಕವನ್ನು ಇಬ್ಬರು ಎಳೆಯರ ಕೈಗೆ ಕೊಟ್ಟು, ಒಂದು ವರ್ಷ ಅವರ ಜೊತೆ ಓಡಾಡಲು ಬಿಡಿ.

ಹಳೆಯ ಆಟಗಾರರಿಂದಲೂ ಬರೆಸಿಕೊಳ್ಳಿ. "ಅವರ ಬಗ್ಗೆ ನಾಲ್ಕು ಮಾತು" ಎಂದು ಕೇಳಿದರೆ ಎಲ್ಲರೂ 'ನಿಸ್ವಾರ್ಥಿ', 'ಸರಳಜೀವಿ' ಎಂದು ಬರೆದು ಕಳಿಸುತ್ತಾರೆ. ಆ ಪದಗಳಲ್ಲಿ ನಿಮ್ಮ ತಂದೆ ಇರುವುದಿಲ್ಲ. "ಅವರು ನಿಮಗೆ ಬೈದ ಒಂದು ದಿನ ನೆನಪಿದೆಯಾ?" ಎಂದು ಕೇಳಿ. ಎದುರಾಳಿ ಕ್ಲಬ್ಬಿನವರನ್ನು ಮರೆಯಬೇಡಿ. ಅವರಷ್ಟು ನಂಬಬಹುದಾದ ಸಾಕ್ಷಿ ಇನ್ನಿಲ್ಲ.

ಈಗ ನಿಮ್ಮ ಭಾನುವಾರಗಳು. ಅದನ್ನು ಬರೆದದ್ದಕ್ಕೆ ನಿಮ್ಮ ಮೇಲೆ ನನಗೆ ಗೌರವ ಹೆಚ್ಚಿತು. ಕ್ಲಬ್ಬಿಗಾಗಿ ಬಾಳು ಸವೆಸಿದವರ ಮನೆಗಳಲ್ಲಿ ಈ ಕೊರಗು ಬಹಳ ಸಲ ಇರುತ್ತದೆ, ಹೇಳುವವರು ಕಡಿಮೆ. ಇದನ್ನು ಮುಚ್ಚಿಟ್ಟು ಗೌರವಿಸಲು ಹೊರಟರೆ ನಿಮ್ಮ ಮಾತು ನಿಮಗೇ ಪೊಳ್ಳಾಗಿ ಕೇಳಿಸುತ್ತದೆ. ತಂದೆ ಕೊಟ್ಟ ಸಮಯ ಅವರೊಬ್ಬರದಾಗಿರಲಿಲ್ಲ. ಅದರಲ್ಲಿ ಒಂದು ಪಾಲು ನಿಮ್ಮದು, ದೊಡ್ಡ ಪಾಲು ಅಮ್ಮನದು. ಆ ಅಂಗಿಗಳನ್ನು ಒಗೆದವರು ಯಾರು? ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ ತಂಡವನ್ನು ಕೂರಿಸಿ ಉಪಚರಿಸಿದವರು ಯಾರು? ಜ್ವರ ಬಂದ ಮಗುವನ್ನು ಒಬ್ಬರೇ ಎತ್ತಿಕೊಂಡು ವೈದ್ಯರ ಬಳಿ ಹೋದವರು ಯಾರು? ಕ್ಲಬ್ಬಿನ ಚರಿತ್ರೆ ಬರೆಯುವುದಾದರೆ ಇದೂ ಅದರೊಳಗೆ ಬರಬೇಕು.

ಹಾಗಾಗಿ ಅಮ್ಮನ ಮಾತನ್ನೂ ಮುದ್ರಿಸಿಕೊಳ್ಳಿ, ಅಪ್ಪ ಇಲ್ಲದ ಹೊತ್ತಿನಲ್ಲಿ, ಬೇರೆಯಾಗಿ. ಅವರು ಹೊಗಳಲೇಬೇಕೆಂದು ಬಯಸಬೇಡಿ. ಸಿಟ್ಟಿದ್ದರೆ ಸಿಟ್ಟು ಬರಲಿ. ಅವರು ಒಪ್ಪದಿದ್ದರೆ ಬಿಟ್ಟುಬಿಡಿ, ಎದ್ದು ಒಳಗೆ ಹೋಗುವುದೂ ಒಂದು ಉತ್ತರವೇ. ಅಪ್ಪನ ಜೊತೆ ನಾಲ್ಕಾರು ಸಲ ಕೂತು ಮಾತು ಪಳಗಿದ ಮೇಲೆ ನೀವೂ ಕೇಳಬಹುದು: "ಆ ಭಾನುವಾರಗಳಲ್ಲಿ ನಾವು ನಿಮಗಾಗಿ ಕಾಯುತ್ತಿದ್ದದ್ದು ನಿಮಗೆ ಗೊತ್ತಿತ್ತಾ ಅಪ್ಪಾ?" ಆಪಾದನೆಯ ದನಿಯಲ್ಲಿ ಬೇಡ, ಉತ್ತರ ಬೇಕೇ ಬೇಕು ಎಂಬ ಹಟವೂ ಬೇಡ. ನಾನು ಕೂತು ಕೇಳಿದ ಒಂದು ಮನೆಯಲ್ಲಿ ಇದೇ ಪ್ರಶ್ನೆಗೆ ಎಂಬತ್ತರ ತಂದೆ ಬಹಳ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು. ಅಲ್ಲಿ ಕಾಯುತ್ತಿದ್ದ ಹುಡುಗರಿಗೆ ಬೇರೆ ಯಾರೂ ಇರಲಿಲ್ಲ ಅಂದುಕೊಂಡೆ" ಎಂದರು. ಮಗಳು ಅಳುತ್ತಿದ್ದಳು. ನಾನು ಮುದ್ರಣ ನಿಲ್ಲಿಸಿ ಹೊರಗೆ ಬಂದೆ. ಆ ಹೊತ್ತು ಸಂಗ್ರಹಕ್ಕೆ ಸೇರಿದ್ದಾಗಿರಲಿಲ್ಲ. ಆದರೂ ಆ ಮನೆಯಲ್ಲಿ ನಡೆದ ದೊಡ್ಡ ಸನ್ಮಾನ ಅದೇ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಕೊನೆಗೆ ಸಮಾರಂಭ. ಮಾಡುವುದಾದರೆ ಅವರಿಗೆ ಗೊತ್ತಿಲ್ಲದಂತೆ ಏರ್ಪಡಿಸಬೇಡಿ, ಮರೆವು ಶುರುವಾದವರಿಗೆ ದಿಢೀರನೆ ಎದುರಾಗುವ ಗುಂಪು ಗಾಬರಿ ಹುಟ್ಟಿಸುತ್ತದೆ. ಸಭಾಂಗಣ ಬೇಡ, ಅಂಕಣದ ಪಕ್ಕದಲ್ಲೇ ನಡೆಯಲಿ, ಒಂದು ಪಂದ್ಯದ ಮೊದಲು. ಬಂದವರೆಲ್ಲ ಎದೆಯ ಮೇಲೆ ತಮ್ಮ ಹೆಸರನ್ನೂ ಆಡಿದ ವರ್ಷವನ್ನೂ ದೊಡ್ಡಕ್ಷರದಲ್ಲಿ ಬರೆದುಕೊಂಡಿರಲಿ. ಆಗ ಹೆಸರು ನೆನಪಿಗೆ ಬರಲಿಲ್ಲ ಎಂಬ ಮುಜುಗರ ಅವರಿಗೆ ಇರುವುದಿಲ್ಲ. ಮಾತನಾಡುವವರು ಮೂವರು ಸಾಕು, ಮೊದಲು ಕ್ಲಬ್ಬಿನ ಅತಿ ಕಿರಿಯ ಆಟಗಾರ. ಅಮ್ಮ ಬರಲು ಒಪ್ಪಿದರೆ ಅವರ ಕುರ್ಚಿ ಅಪ್ಪನ ಪಕ್ಕದಲ್ಲಿರಲಿ, ಕೃತಜ್ಞತೆ ಹೇಳುವಾಗ ಅವರ ಹೆಸರು ಮೊದಲು ಬರಲಿ.

ನಿಮ್ಮ ಸರದಿ ಬಂದಾಗ ಭಾಷಣ ಬರೆದುಕೊಂಡು ಹೋಗಬೇಡಿ. ಅವರು ತುಂಬಿದ ಒಂದು ಹಳೆಯ ಸ್ಕೋರ್‌ಶೀಟ್ ಹಿಡಿದು ನಿಲ್ಲಿ. ದಿನಾಂಕ ಓದಿ, ಎರಡೂ ತಂಡದ ಹೆಸರು ಓದಿ, ಆಡಿದವರ ಹೆಸರುಗಳನ್ನು ಒಂದೊಂದಾಗಿ ಓದಿ. ಅವರಲ್ಲಿ ಯಾರಾದರೂ ಬಂದಿದ್ದರೆ ಎದ್ದು ನಿಲ್ಲಲಿ. ಅಂಕ ಓದಿ. ಆಮೇಲೆ ಕೆಳಗಿನ ಸಹಿ ಓದಿ, ಹಾಳೆಯನ್ನು ಅವರ ಕೈಗೆ ಕೊಟ್ಟು, ಪಂದ್ಯ ಶುರುಮಾಡಲು ಸೀಟಿ ಊದುವಂತೆ ಕೇಳಿಕೊಳ್ಳಿ.